ಟೊಂಕ ತುಳಿಸಿಕೊಳ್ಳಲು ಬಂದವರು

ಭತ್ತದ ಸುಗ್ಗಿ ನಡೆದಿದ್ದಾಗ ನಮ್ಮ ಕಾಲೇಜು ನಾಲ್ವರು ವಿದ್ಯಾರ್ಥಿಗಳನ್ನು ಸಿಂಧನೂರಿನ ಆಸ್ಪತ್ರೆಯೊಂದರ ಫಿಜಿಯೋಥೆರಪಿ ವಿಭಾಗಕ್ಕೆ ಹಾಕಿತು. ನಾನು ಲಿಂಗಸುಗೂರಿನಿಂದ ದಿನವೂ ಬಸ್ಸಿಗೆ ಬರುತ್ತಿದ್ದೆ. ಮಸ್ಕಿ ದಾಟಿದ ಮೇಲೆ ರಸ್ತೆಯ ಅರ್ಧಕ್ಕೆ ಭತ್ತ ಒಣಹಾಕಿರುತ್ತಿದ್ದರು. ಬಸ್ಸು ಉಳಿದರ್ಧದಲ್ಲಿ ಹೋಗುತ್ತಿತ್ತು.

ವಿಭಾಗವೆಂದರೆ ಒಂದು ಉದ್ದನೆಯ ಕೋಣೆ. ಗೋಡೆಗೆ ಒತ್ತಿ ಶಾಖ ಕೊಡುವ, ಕರೆಂಟು ಕೊಡುವ ಯಂತ್ರಗಳು. ನಡುವೆ ಸೊಂಟ ಎಳೆಯುವ ಟ್ರ್ಯಾಕ್ಷನ್ ಮೇಜು. ಕೊನೆಯಲ್ಲಿ ನಡೆಯುವ ಅಭ್ಯಾಸಕ್ಕೆ ಹಿಡಿದುಕೊಳ್ಳುವ ಎರಡು ಸರಳುಗಳು. ಸುಗ್ಗಿಯಲ್ಲಿ ಇಲ್ಲಿನ ರೈಸ್ ಮಿಲ್ಲುಗಳು ನಿಲ್ಲುವುದಿಲ್ಲ, ಹಾಗಾಗಿ ಚೀಲ ಹೊರುವ ಹಮಾಲರೇ ನಮ್ಮ ಹೆಚ್ಚಿನ ರೋಗಿಗಳಾಗಿದ್ದರು. ಬಾಗಿಲು ತೆರೆಯುವ ಮೊದಲೇ ಬೆಂಚಿನ ಮೇಲೆ ಸೊಂಟ ಹಿಡಿದುಕೊಂಡು ಕೂತಿರುತ್ತಿದ್ದರು. ಡಾಕ್ಟರ ಚೀಟಿ ನೋಡಿ, ಕೆಲವು ಪ್ರಶ್ನೆ ಕೇಳಿ, ಪಟ್ಟಿ ಕಟ್ಟಿ, ಮೇಜಿಗೆ ಏರಿಸುವುದು ನಮ್ಮ ಕೆಲಸ.

ಆ ಪ್ರಶ್ನೆಗಳನ್ನು ನಮ್ಮ ಮಾರ್ಗದರ್ಶಕ ಥೆರಪಿಸ್ಟ್ ಮೊದಲ ದಿನವೇ ಬಾಯಿಪಾಠ ಮಾಡಿಸಿದ್ದರು. ಮೂತ್ರ ಸರಿಯಾಗಿ ಹೋಗುತ್ತಿದೆಯೇ? ಮಲದ ಮೇಲೆ ಹಿಡಿತ ಇದೆಯೇ? ಕೂರುವ ಜಾಗ ಜೋಮು ಹಿಡಿದಿದೆಯೇ? ನೋವು ಎರಡೂ ಕಾಲಿಗೆ ಇಳಿದಿದೆಯೇ? ಬೆನ್ನುಮೂಳೆಯ ಕೆಳತುದಿಯಲ್ಲಿ ಕುದುರೆಯ ಬಾಲದಂತೆ ಹರಡಿದ ನರಗಳ ಗೊಂಚಲಿದೆ. ಜಾರಿದ ಡಿಸ್ಕ್ ಅದನ್ನು ಅಮುಕಿದರೆ ಗಂಟೆಗಳ ಲೆಕ್ಕದಲ್ಲಿ ಆಪರೇಷನ್ ಆಗಬೇಕು. ತಡವಾದರೆ ಕಾಲಿನ ಬಲ, ಮೂತ್ರದ ಹಿಡಿತ ಮರಳಿ ಬಾರದೆ ಹೋಗಬಹುದು. ಅಂಥವರ ಸೊಂಟವನ್ನು ಎಳೆಯುವಂತಿಲ್ಲ, ಒತ್ತುವಂತಿಲ್ಲ.

ಪ್ರಶ್ನೆಗಳು ಸರಿಯಾಗಿದ್ದವು. ಉತ್ತರ ಬರುತ್ತಿರಲಿಲ್ಲ. ಮಗಳ ವಯಸ್ಸಿನ ಹುಡುಗಿ ಮೂತ್ರದ ಮಾತೆತ್ತಿದರೆ ಗಂಡಸರು ಗೋಡೆ ನೋಡುತ್ತಿದ್ದರು. “ಎಲ್ಲಾ ಬರೋಬರಿ ಐತ್ರಿ” ಎಂಬ ಒಂದೇ ಉತ್ತರವನ್ನು ನಾನು ಎಷ್ಟು ಹಾಳೆಗಳಲ್ಲಿ ಬರೆದೆನೋ ನೆನಪಿಲ್ಲ. ಬರೆಯುವಾಗ ನಂಬಿಕೆ ಇರುತ್ತಿರಲಿಲ್ಲ.

ಎರಡನೆಯ ವಾರ, ಊಟದ ಬಿಡುವಿನಲ್ಲಿ, ವಿಭಾಗದ ಆಯಾ ನಮ್ಮನ್ನೊಂದು ಪ್ರಶ್ನೆ ಕೇಳಿದಳು. ನಿಮ್ಮಲ್ಲಿ ಯಾರಾದರೂ ಕಾಲು ಮುಂದಾಗಿ ಹುಟ್ಟಿದ್ದೀರಾ ಎಂದು. ನಾನು ಹುಟ್ಟಿದ್ದೆ, ಹೆರಿಗೆಯಲ್ಲಿ ತಲೆಯ ಬದಲು ಕಾಲು ಮೊದಲು ಬಂದಿತ್ತೆಂದು ನನ್ನ ತಾಯಿ ಹೇಳಿದ್ದಳು. ಹೌದೆಂದೆ. ಆಯಾ ರೊಟ್ಟಿ ಅಗಿಯುವುದನ್ನು ನಿಲ್ಲಿಸಿ ನನ್ನ ಪಾದ ನೋಡಿದಳು.

ಇದರ ಅರ್ಥ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಟೊಂಕಕ್ಕೆ ಚಳಕು, ಅಂದರೆ ಸೊಂಟದಲ್ಲಿ ನರದ ಹಿಡಿತ, ಬಂದರೆ ಕಾಲು ಮುಂದಾಗಿ ಹುಟ್ಟಿದವರಿಂದ ತುಳಿಸಿಕೊಳ್ಳುವುದು ರೂಢಿ. ನೋವಿದ್ದವರು ನೆಲದ ಮೇಲೆ ಬೋರಲು ಮಲಗುತ್ತಾರೆ. ತುಳಿಯುವವರು ಎಡಗಾಲನ್ನು ಟೊಂಕದ ಮೇಲಿಟ್ಟು ಒತ್ತುತ್ತಾರೆ. ತುಳಿಸಿಕೊಂಡ ಮೇಲೆ ಮರುದಿನ ಹೊತ್ತು ಮೂಡುವವರೆಗೆ ಬೇರೆ ಔಷಧ ಮುಟ್ಟಬಾರದು. ಮುಟ್ಟಿದರೆ ಫಲ ಇಲ್ಲ. ದಢೇಸುಗೂರಿನಲ್ಲಿ ಒಬ್ಬ ಮುದುಕಿ ಇದಕ್ಕೆ ಹೆಸರಾಗಿದ್ದಳಂತೆ. ಆಕೆ ತೀರಿಕೊಂಡ ಮೇಲೆ ಆ ಜಾಗ ಖಾಲಿ ಇತ್ತು.

ಆಯಾಳ ಬಾಯಿಂದ ಸುದ್ದಿ ಹರಡಿ, ಅದು ನನ್ನಿಂದ ತುಂಬಿತೆಂದು ಜನ ತಿಳಿದರು. ನಮ್ಮ ಬಾಗಿಲಿಗೆ ಡಾಕ್ಟರ ಚೀಟಿಯೇ ಇಲ್ಲದವರು ಬಂದು ‘ಕಾಲಿನ ಹುಡುಗಿ’ ಯಾರೆಂದು ಕೇಳತೊಡಗಿದರು. ನಾನು ಒಬ್ಬರ ಮೇಲೂ ಕಾಲಿಡಲಿಲ್ಲ. ಸುದ್ದಿ ಮಾರ್ಗದರ್ಶಕರಿಗೆ ಮುಟ್ಟಿದಾಗ ಅವರು ನನ್ನನ್ನು ಪಕ್ಕಕ್ಕೆ ಕರೆದರು.

“ಒಂದು ಬೆನ್ನಿನ ಮ್ಯಾಲೆ ಕಾಲಿಟ್ಟಿ ಅಂದ್ರ ನಿನ್ನ ಪೋಸ್ಟಿಂಗ್ ಅವತ್ತೇ ಮುಗೀತು. ಆರಾಮಾದ್ರ ನಿನ್ನ ಕಾಲಿಗೆ ಹೆಸರು. ಆಗಲಿಲ್ಲಂದ್ರ ಕೆಟ್ಟ ಹೆಸರು ಆಸ್ಪತ್ರಿಗೆ.”

ನಾನು ತಲೆಯಾಡಿಸಿದೆ. ಅಲ್ಲಿಗೆ ವಿಷಯ ಮುಗಿಯಿತೆಂದುಕೊಂಡೆವು.

ವಾರಕ್ಕೊಂದು ದಿನ ಮಾರ್ಗದರ್ಶಕರು ಇಬ್ಬರು ವಿದ್ಯಾರ್ಥಿಗಳನ್ನು ಕರೆದುಕೊಂಡು ಮಸ್ಕಿಯ ಶಿಬಿರಕ್ಕೆ ಹೋಗುತ್ತಿದ್ದರು. ಉಳಿದ ಇಬ್ಬರು ವಿಭಾಗ ನೋಡಿಕೊಳ್ಳಬೇಕು. ಹೊಸ ರೋಗಿಗಳನ್ನು ಮೇಜಿಗೆ ಏರಿಸುವುದಿದ್ದರೆ ಅವರಿಗೆ ಫೋನ್ ಮಾಡಿಯೇ ಏರಿಸಬೇಕೆಂಬುದು ನಿಯಮ. ಆ ದಿನ ನಾನು ಮತ್ತು ಒಬ್ಬ ಸಹಪಾಠಿ ಉಳಿದಿದ್ದೆವು. ಆತ ಬಂಗಾಳಿ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನವನು. ಮನೆಯಲ್ಲಿ ಬಂಗಾಳಿ, ಹೊರಗೆ ನಮಗಿಂತ ಅಚ್ಚ ಸಿಂಧನೂರಿನ ಮಾತು.

ಹತ್ತು ಗಂಟೆಯ ಸುಮಾರಿಗೆ ವಳಕಮದಿನ್ನಿಯ ಹಮಾಲರೊಬ್ಬರು ಹೆಂಡತಿಯ ಜೊತೆ ಬಂದರು. ನಲವತ್ತರ ಆಸುಪಾಸಿನ ಗಟ್ಟಿ ಆಳು. ಕೈಯಲ್ಲಿ ನಮ್ಮದೇ ಡಾಕ್ಟರ ಚೀಟಿ ಇತ್ತು. ಕೆಲವು ದಿನ ಹಳೆಯದು. ಸೊಂಟನೋವು, ನೋವಿನ ಗುಳಿಗೆ, ಟ್ರ್ಯಾಕ್ಷನ್ ಎಂದು ಬರೆದಿತ್ತು. ಚೀಟಿ ಬರೆಸಿಕೊಂಡವರು ನಮ್ಮಲ್ಲಿಗೆ ಬಂದಿರಲಿಲ್ಲ. ಗುಳಿಗೆ ನುಂಗಿ ಮತ್ತೆ ಮಿಲ್ಲಿಗೆ ಹೋಗಿದ್ದರು.

ಅವರು ಬಾಗಿಲಿನಿಂದ ಮೇಜಿನವರೆಗೆ ನಡೆದು ಬಂದದ್ದನ್ನು ನಾನು ನೋಡಿದೆ. ಗೋಡೆ ಹಿಡಿದಿದ್ದರು. ಎಡಪಾದ ನೆಲಕ್ಕೆ ಬಡಿಯುತ್ತಿತ್ತು. ಆ ಕಾಲಿನ ಚಪ್ಪಲಿ ದಾರಿಯಲ್ಲೇ ಕಳಚಿತು. ಅವರು ನಿಲ್ಲಲಿಲ್ಲ, ಕಳಚಿದ್ದು ಅವರಿಗೆ ಗೊತ್ತಾಗಿರಲಿಲ್ಲ. ಹೆಂಡತಿ ಎತ್ತಿಕೊಂಡಳು.

ಕೂರಿಸಿ ಪ್ರಶ್ನೆ ಶುರು ಮಾಡಿದೆ. ಎಲ್ಲಾ ಬರೋಬರಿ ಐತಿ ಎಂದರು. ಸಹಪಾಠಿಯನ್ನು ಕರೆದು, ನಾನು ಯಂತ್ರದ ಕಡೆ ಹೋಗಿ ನಿಂತೆ. ಗಂಡು ಹುಡುಗ ಕೇಳಿದರೂ ಅದೇ ಉತ್ತರ. ಆಮೇಲೆ ಅವರು ಬಂದ ಕೆಲಸ ಹೇಳಿದರು: ಮೇಜು ಬೇಡ, ಕರೆಂಟು ಬೇಡ. ಕಾಲಿನ ಹುಡುಗಿ ತುಳಿದರೆ ಸಾಕು, ಮಧ್ಯಾಹ್ನದ ಲೋಡಿಗೆ ವಾಪಸ್ ಹೋಗಬೇಕು.

ನಾನು ಆಗುವುದಿಲ್ಲ ಎನ್ನುವಷ್ಟರಲ್ಲಿ ಅವರು ಅಂಗಿ ತೆಗೆದು, ಟ್ರ್ಯಾಕ್ಷನ್ ಮೇಜಿನ ಪಕ್ಕದ ಬರಿ ನೆಲದ ಮೇಲೆ ಬೋರಲು ಮಲಗಿಬಿಟ್ಟಿದ್ದರು. ಮಲಗುವುದಕ್ಕೇ ಬಹಳ ಹೊತ್ತು ಹಿಡಿಯಿತು. ಮೊದಲು ಮೊಣಕಾಲು, ಆಮೇಲೆ ಮೊಣಕೈ, ಆಮೇಲೆ ಎದೆ. ಬೆಂಚಿನ ಮೇಲಿದ್ದವರು ಬಾಗಿಲಿಗೆ ಬಂದು ನಿಂತರು. ಯಾರೋ ನಕ್ಕರು. “ಆಕಿಗೆ ಪರವಾನಗಿ ಬೇಕಂತಪಾ ಕಾಲೆತ್ತಾಕ” ಎಂದರು.

ಮಾರ್ಗದರ್ಶಕರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮೂಳೆ ಡಾಕ್ಟರು ಆಪರೇಷನ್ ಥಿಯೇಟರಿನಲ್ಲಿದ್ದರು.

ಮುಂದೆ ನಾನು ಮಾಡಿದ್ದನ್ನು ಮೊದಲೇ ಯೋಚಿಸಿರಲಿಲ್ಲ. ಬೋರಲು ಮಲಗಿದ ಮನುಷ್ಯನ ಹಿಮ್ಮಡಿಯ ಸ್ನಾಯುವಿನ ಪ್ರತಿಕ್ರಿಯೆ ಪರೀಕ್ಷಿಸುವುದು ಸುಲಭ. ಮೊಣಕಾಲು ಮಡಿಸಿ, ಪಾದವನ್ನು ಅಂಗೈಯಿಂದ ಸ್ವಲ್ಪ ಒತ್ತಿ, ಸುತ್ತಿಗೆಯಿಂದ ತಟ್ಟಿದರೆ ಪಾದ ಜಿಗಿಯಬೇಕು. ನಾನು ಪಕ್ಕದಲ್ಲಿ ಕುಳಿತು ತಟ್ಟಿದೆ. ಎಡಗಾಲು ಅಲುಗಲಿಲ್ಲ. ಬಲಗಾಲು ತಟ್ಟಿದೆ. ಅದೂ ಅಲುಗಲಿಲ್ಲ. ಎರಡೂ ಕಡೆ ಇಲ್ಲದ್ದು ಕಂಡು ಮತ್ತೊಮ್ಮೆ ತಟ್ಟಿದೆ.

ಅವರು ಇದನ್ನೆಲ್ಲ ತುಳಿಯುವ ಮುಂಚಿನ ಶಾಸ್ತ್ರ ಎಂದುಕೊಂಡಂತಿತ್ತು. ಸುಮ್ಮನೆ ಕೆನ್ನೆಯನ್ನು ನೆಲಕ್ಕಾನಿಸಿ ಕಣ್ಣು ಮುಚ್ಚಿದ್ದರು. ನಾನು ಬಾಗಿಲಿನವರನ್ನು ಹೊರಗೆ ಕಳಿಸಿ ಪರದೆ ಎಳೆಯಲು ಸಹಪಾಠಿಗೆ ಸನ್ನೆ ಮಾಡಿದೆ. ಒಳಗೆ ನಮ್ಮಿಬ್ಬರ ಜೊತೆ ಹೆಂಡತಿ ಮತ್ತು ಆಯಾ ಉಳಿದರು.

“ನಾ ಕೇಳಿದ್ದಕ್ಕೆಲ್ಲಾ ಖರೇ ಹೇಳಬೇಕು. ಹೇಳಲಿಲ್ಲಂದ್ರ ಮುಂದಿಂದು ಏನೂ ಇಲ್ಲ” ಎಂದೆ.

“ಕೇಳು.”

“ಕಾಲ್ಮಡಿಯಾಕ, ಒಂದಕ್ಕ ಹೋಗಾಕ ಹೆಂಗ ಆಗ್ತೈತಿ?”

ಅವರು ನನ್ನ ಮುಖ ನೋಡಬೇಕಿರಲಿಲ್ಲ. ಕಣ್ಣ ಮುಂದೆ ಇದ್ದದ್ದು ಸಿಮೆಂಟಿನ ನೆಲ ಮಾತ್ರ. ಆ ನೆಲಕ್ಕೇ ಹೇಳಿದರು.

“ನಿನ್ನೆ ಮುಂಜಾನಿಂದ ಬರವಲ್ದು. ಕುಂತ್ರೂ ಬರಂಗಿಲ್ಲ, ನಿಂತ್ರೂ ಬರಂಗಿಲ್ಲ. ತಾನೇ ಹನಿ ಹನಿ ಬಟ್ಟೀಗೆ ಬೀಳ್ತೈತಿ. ಬಿದ್ದಿದ್ದು ಗೊತ್ತಾಗಂಗಿಲ್ಲ.”

ಹೆಂಡತಿ ಗಂಡನನ್ನೇ ನೋಡುತ್ತಿದ್ದಳು. ನಿನ್ನೆಯಿಂದ ಚಹಾ ಬೇಡ, ನೀರು ಬೇಡ ಎನ್ನುತ್ತಿದ್ದುದು ಯಾಕೆಂದು ಆಕೆಗೆ ಆಗ ತಿಳಿಯಿತು. ನೀರು ಕುಡಿಯದಿದ್ದರೆ ತಕ್ಲೀಫು ತಾನೇ ಹೋಗುತ್ತದೆಂದು ಅವರು ಲೆಕ್ಕ ಹಾಕಿದ್ದರು. ಚೀಲದ ಭಾರಕ್ಕೆ ನರ ಸಿಕ್ಕಿಕೊಂಡಿದೆ, ಕಾಲಿಟ್ಟರೆ ಬಿಡುತ್ತದೆ ಎಂಬುದು ಉಳಿದರ್ಧ ಲೆಕ್ಕ. ಕೂತರೆ ಜಾಗ ತಿಳಿಯುತ್ತದೆಯೇ ಎಂದು ಕೇಳಿದೆ. ಹತ್ತಿಯ ಗಾದಿಯ ಮೇಲೆ ಕೂತ ಹಾಗೆ ಅನಿಸುತ್ತದೆ ಎಂದರು. ಸಹಪಾಠಿ ಅರಳೆ ಮತ್ತು ಮೊಂಡು ಸೂಜಿ ತೆಗೆದುಕೊಂಡು ತೊಡೆಯ ಹಿಂಭಾಗ ಪರೀಕ್ಷಿಸಿದ. ಮೊಣಕಾಲಿನ ಸಂದಿಯಲ್ಲಿ ಚುಚ್ಚಿದ್ದು ತಿಳಿಯುತ್ತಿತ್ತು. ಮೇಲಕ್ಕೆ ಹೋದಂತೆ ತಿಳಿಯಲಿಲ್ಲ. ಆತ ಸೂಜಿಯನ್ನು ಟ್ರೇಯಲ್ಲಿಟ್ಟು ನನ್ನ ಕಡೆ ನೋಡಿದ. ಪುಸ್ತಕದ ಒಂದೇ ಪುಟ ಇಬ್ಬರಿಗೂ ನೆನಪಾಗಿತ್ತು.

ಸಹಪಾಠಿ ತುರ್ತು ವಿಭಾಗದ ಡ್ಯೂಟಿ ಡಾಕ್ಟರನ್ನು ಕರೆತರಲು ಓಡಿದ. ನಾನು ಹಮಾಲರಿಗೆ ಹೇಳಿದೆ: ತುಳಿಯುವುದಿಲ್ಲ. ಇದು ಚಳಕಲ್ಲ. ಇವತ್ತೇ ರಾಯಚೂರಿಗೆ ಹೋಗಬೇಕು, ಆಪರೇಷನ್ ಆಗಬೇಕು. ಆಗದಿದ್ದರೆ ಕಾಲೂ ಹೋಗಬಹುದು, ಮೂತ್ರದ ಹಿಡಿತವೂ ಹೋಗಬಹುದು.

ಅವರು ಕಣ್ಣು ತೆರೆದರು. ಎದ್ದೇಳಲಿಲ್ಲ.

“ಕೇಳಿದ್ದೆಲ್ಲಾ ಹೇಳೀನಿ. ಹೇಂತಿ ಮುಂದ ಹೇಳೀನಿ. ಇನ್ನ ಕಾಲಿಡು.”

“ಇಡಂಗಿಲ್ರಿ.”

“ಇಟ್ಟರ ನಿನ್ನ ಕಾಲೇನು ಸವೀತೈತೇನು?”

ಈಗ ಆಯಾ ನನ್ನ ಭುಜ ಹಿಡಿದು ಮೂಲೆಗೆ ಕರೆದೊಯ್ದಳು. ಅವಳು ಹೇಳಿದ್ದು ಕೆಟ್ಟ ಮಾತಲ್ಲ. ಸುಮ್ಮನೆ ಹೆಬ್ಬೆರಳು ತಾಗಿಸು, ಭಾರ ಹಾಕಬೇಡ, ಅವನ ಮನಸ್ಸಿಗೆ ಸಮಾಧಾನವಾಗುತ್ತದೆ, ಆಮೇಲೆ ನೀನು ಹೇಳಿದಲ್ಲಿಗೆ ಹೋಗುತ್ತಾನೆ. ಇಲ್ಲದಿದ್ದರೆ ಎದ್ದು ಮಿಲ್ಲಿಗೆ ಹೋಗುತ್ತಾನೆ, ಇಲ್ಲವೇ ತುಳಿಯುವ ಇನ್ನೊಬ್ಬರನ್ನು ಹುಡುಕುತ್ತಾನೆ. ಅವರು ಒದ್ದೇ ತುಳಿಯುತ್ತಾರೆ.

ನಾನು ಇದನ್ನು ನಿಜವಾಗಿ ತೂಗಿದೆ. ಬೆರಳ ತುದಿ ಚರ್ಮಕ್ಕೆ ತಾಗಿದರೆ ಡಿಸ್ಕಿಗೆ ಏನೂ ಆಗುವುದಿಲ್ಲ. ಪೋಸ್ಟಿಂಗ್ ಹೋಗುತ್ತದೆಂಬ ಭಯ ಆ ಹೊತ್ತಿನಲ್ಲಿ ಹಿಂದೆ ಸರಿದಿತ್ತು. ನನ್ನನ್ನು ತಡೆದದ್ದು ರೂಢಿಯ ಕೊನೆಯ ಕಲಮು. ತುಳಿಸಿಕೊಂಡವರು ಹೊತ್ತು ಮೂಡುವವರೆಗೆ ಬೇರೆ ಔಷಧ ಮುಟ್ಟುವುದಿಲ್ಲ. ಬೆರಳು ತಾಗಿಸಿದರೆ ನಾನು ಅವರಿಗೆ ಒಂದು ರಾತ್ರಿ ಕಾಯಲು ಕಾರಣ ಕೊಟ್ಟಂತಾಗುತ್ತಿತ್ತು. ಅವರ ಬಳಿ ಇಲ್ಲದ್ದು ಆ ಒಂದು ರಾತ್ರಿಯೇ.

ಇಲ್ಲ ಎಂದು ಆಯಾಗೆ ಹೇಳಿದೆ. ಅವಳು ಸೆರಗು ಕೊಡವಿ, “ಕಲ್ಲೆದಿ ಐತವ್ವಾ ನಿಂದು” ಎಂದಳು.

ಗಂಡನ ಹತ್ತಿರ ಮಾತಾಡುವುದನ್ನು ಬಿಟ್ಟು ಹೆಂಡತಿಯ ಎದುರು ಕುಳಿತೆ. ನರಗಳ ಗೊಂಚಲು ಹೇಗಿರುತ್ತದೆಂದು ನನ್ನ ಜಡೆಯ ತುದಿ ಹಿಡಿದು ತೋರಿಸಿದೆ. ಎಲ್ಲಿ ಅಮುಕಿದೆ, ಅಮುಕಿದ್ದನ್ನು ಬಿಡಿಸುವುದು ಯಾರಿಂದ ಸಾಧ್ಯ, ನಾಳೆಗೆ ಬಿಟ್ಟರೆ ಏನಾಗಬಹುದು ಎಂದು ಹೇಳಿದೆ. ಆಪರೇಷನ್ ಆದರೆ ಎಲ್ಲ ಸರಿಹೋಗುತ್ತದೆಂದು ಹೇಳಲಿಲ್ಲ, ನನಗೆ ಗೊತ್ತಿರಲಿಲ್ಲ. ಆಕೆ ಒಂದೇ ಪ್ರಶ್ನೆ ಕೇಳಿದಳು: ನಿನ್ನ ಅಪ್ಪ ಹೀಗೆ ಮಲಗಿದ್ದರೆ ತುಳಿಯುತ್ತಿದ್ದೆಯಾ? ಇಲ್ಲ, ಗಾಡಿ ಹತ್ತಿಸುತ್ತಿದ್ದೆ ಎಂದೆ.

ಆಕೆ ಎದ್ದು ಹೋಗಿ ಗಂಡನ ತಲೆಯ ಹತ್ತಿರ ನಿಂತಳು.

“ಕಾಲಿಂದ ಆಗೂದಿದ್ರ ಆಕಿ ಕಾಲೇಜಿಗೆ ಯಾಕ ಹೋಗ್ತಿದ್ಲು? ಮನ್ಯಾಗೆ ಕುಂತು ತುಳೀತಿದ್ಲು. ಏಳು.”

ಅವರು ಏಳಲು ಪ್ರಯತ್ನಿಸಿದರು. ಒಬ್ಬರಿಂದ ಆಗಲಿಲ್ಲ. ಬಂದಾಗ ತಾವೇ ಮಲಗಿದ್ದ ಮನುಷ್ಯನನ್ನು ಎಬ್ಬಿಸಲು ಅಷ್ಟರಲ್ಲಿ ಬಂದಿದ್ದ ಡ್ಯೂಟಿ ಡಾಕ್ಟರು, ಸಹಪಾಠಿ, ನಾನು ಮೂವರೂ ಬೇಕಾಯಿತು. ಅದನ್ನು ನೋಡಿದ ಮೇಲೆ ಆಯಾ ತಾನೇ ಸ್ಟ್ರೆಚರ್ ತಂದಳು.

ಡಾಕ್ಟರು ಉಳಿದ ಪರೀಕ್ಷೆ ಮಾಡಿದರು. ಮೂತ್ರನಾಳಕ್ಕೆ ಕೊಳವೆ ಹಾಕಿದಾಗ ಅದಕ್ಕೆ ಜೋಡಿಸಿದ ಚೀಲ ತುಂಬಿತು, ಅದನ್ನು ಬದಲಿಸಬೇಕಾಯಿತು. ರಾಯಚೂರಿಗೆ ಫೋನ್ ಮಾಡಿ ಹೇಳಿ, ಪತ್ರ ಬರೆದು, ಆಂಬುಲೆನ್ಸಿಗೆ ಹತ್ತಿಸಿದರು. ಹೋಗುವಾಗ ಹಮಾಲರು ನನ್ನ ಕಡೆ ನೋಡಲಿಲ್ಲ.

ಆಮೇಲೆ ಮಾರ್ಗದರ್ಶಕರ ಫೋನ್ ಬಂತು. ಎಲ್ಲ ಕೇಳಿಸಿಕೊಂಡು ಅವರು ಕೇಳಿದ್ದು ಒಂದೇ: ಟ್ರ್ಯಾಕ್ಷನ್ ಹಾಕಿದ್ದೀರಾ? ಇಲ್ಲ ಎಂದೆ. ಮರುದಿನದಿಂದ ಅವರು ಒಂದು ಬದಲಾವಣೆ ತಂದರು. ಸೊಂಟನೋವಿನವರನ್ನು ಮೊದಲು ಪರದೆಯೊಳಗೆ ಬೋರಲು ಮಲಗಿಸಬೇಕು, ಮುಖ ಮುಖ ನೋಡದ ಹಾಗೆ ಕುಳಿತು ಪ್ರಶ್ನೆ ಕೇಳಬೇಕು. ‘ಎಲ್ಲಾ ಬರೋಬರಿ’ ಬರೆಯುವುದು ಕಡಿಮೆಯಾಯಿತು.

ಆ ದಿನವೇ ಆಪರೇಷನ್ ಆಗಿತ್ತೆಂದು ಆಮೇಲೆ ತಿಳಿಯಿತು. ಹಮಾಲರು ನಮ್ಮ ವಿಭಾಗಕ್ಕೆ ಮರಳಿದ್ದು ನನ್ನ ಪೋಸ್ಟಿಂಗಿನ ಕೊನೆಯ ಹಂತದಲ್ಲಿ. ಬಲಗಾಲು ಹೆಚ್ಚುಕಡಿಮೆ ಸರಿಯಾಗಿತ್ತು. ಎಡಪಾದ ಇನ್ನೂ ಜೋಲುತ್ತಿತ್ತು. ಅದಕ್ಕೆ ಪ್ಲಾಸ್ಟಿಕ್ಕಿನ ಪಟ್ಟಿ ಹಾಕಿದ್ದರು. ಕೊಳವೆ ತೆಗೆದಿದ್ದರು. ಮೂತ್ರ ಬರುತ್ತಿತ್ತು, ಆದರೆ ಬಂದದ್ದು ತಿಳಿಯುತ್ತಿರಲಿಲ್ಲ. ಗಡಿಯಾರ ನೋಡಿ ಹೋಗಬೇಕಿತ್ತು. ಹೊಟ್ಟೆ ಬಿಗಿಯುವುದು, ಸೊಂಟ ಎತ್ತುವುದು, ಸರಳು ಹಿಡಿದು ಪಾದ ಎತ್ತಿ ಎತ್ತಿ ನಡೆಯುವುದು, ಇವಿಷ್ಟು ದಿನವೂ ಮಾಡುವ ಅಭ್ಯಾಸ. ಅವರನ್ನು ನನಗೇ ವಹಿಸಿದರು.

ಮೊದಲ ದಿನಗಳಲ್ಲಿ ಅವರು ನಾನು ಹೇಳಿದ್ದನ್ನು ಮಾಡುತ್ತಿದ್ದರು, ಮಾತಾಡುತ್ತಿರಲಿಲ್ಲ. ಒಂದು ದಿನ ಪಟ್ಟಿ ಬಿಗಿಯುತ್ತಿದ್ದಾಗ ಕೇಳಿದರು.

“ಅವತ್ತು ನನಗ ಮೋಸ ಮಾಡಿದಿ ಅಲ್ಲೇನು?”

“ತುಳೀತೀನಿ ಅಂತ ನಾ ಅಂದಿದ್ದಿಲ್ರಿ.”

“ಅಂದಿದ್ದಿಲ್ಲ. ಇಲ್ಲ ಅಂತಾನೂ ಅಂದಿದ್ದಿಲ್ಲ, ಎಲ್ಲಾ ಕೇಳಿ ಮುಗಿಯೂತನ.”

ಅದು ಸರಿಯಾದ ವರದಿ. ಹೌದೆಂದೆ. ಅವರು ಪಾದ ಮುಂದೆ ಚಾಚಿ, ಪಟ್ಟಿ ಸಡಿಲಾಯಿತು, ಇನ್ನೂ ಬಿಗಿ ಎಂದರು. ಅಂದಿನಿಂದ ಮಾತಾಡತೊಡಗಿದರು. ಒಂದರ ಮೇಲೊಂದು ಚೀಲ ನಿಟ್ಟು ಹಾಕುವಾಗ ಯಾವ ಕಾಲು ಮೊದಲಿಡಬೇಕು, ಲಾರಿಗೆ ಏರುವ ಹಲಗೆಯ ಮೇಲೆ ಉಸಿರು ಎಲ್ಲಿ ಬಿಡಬೇಕು, ಹೊಸಬರು ಎಲ್ಲಿ ಎಡವುತ್ತಾರೆ, ಎಲ್ಲವನ್ನೂ. ಆ ಮಾತುಗಳಲ್ಲೆಲ್ಲ ಅವರು ಮಿಲ್ಲಿಗೆ ಮರಳುವವರಂತೆಯೇ ಮಾತಾಡುತ್ತಿದ್ದರು.

ನನ್ನ ಕೊನೆಯ ದಿನ ಸರಳುಗಳ ನಡುವೆ ನಡೆಸುತ್ತಿದ್ದೆ. ತುದಿಗೆ ಬಂದು ತಿರುಗುವ ಮುನ್ನ ಅವರು ನಿಂತರು. ಹೆಂಡತಿ ಹೊರಗಿನ ಬೆಂಚಿನ ಮೇಲಿದ್ದಳು. ಬಾಗಿಲಿನಿಂದ ಆಕೆಯ ಭುಜ ಕಾಣುತ್ತಿತ್ತು. ಅವರು ದನಿ ತಗ್ಗಿಸಿದರು.

“ರಾಯಚೂರು ಡಾಕ್ಟರು ನೋಡೂನು ಅಂತಾರ. ನಿಮ್ಮ ಸರ್ ಮೊದಲು ನಡೀ ಅಂತಾರ. ನೀ ನಾಳೆ ಇರಂಗಿಲ್ಲ. ಹೇಳು, ಚೀಲ ಯಾವಾಗ ಎತ್ತಬೇಕು?”

ಇದಕ್ಕೆ ಉತ್ತರಿಸುವುದು ವಿದ್ಯಾರ್ಥಿಯ ಕೆಲಸವಲ್ಲ; ಡಾಕ್ಟರನ್ನು ಕೇಳಿ ಎನ್ನಬೇಕು. ಹಿಂದಿನ ಸಂಜೆ ಮಾರ್ಗದರ್ಶಕರ ಜೊತೆ ಅವರ ಹಾಳೆ ನೋಡಿದ್ದೆ. ಉತ್ತರ ಎಲ್ಲರಿಗೂ ಗೊತ್ತಿತ್ತು. ಯಾರೂ ಹೇಳಿರಲಿಲ್ಲ.

“ಇನ್ನ ಎತ್ತಾಂಗಿಲ್ರಿ. ಯಾವಾಗ್ಲೂ” ಎಂದೆ.

ಅವರ ಕೈ ಸರಳಿನ ಮೇಲೆ ಬಿಗಿಯಾಯಿತು. ನಾನು ಸೊಂಟದ ಪಟ್ಟಿ ಹಿಡಿದುಕೊಂಡೆ, ಬಿದ್ದರೆ ಎಂದು. ಬೀಳಲಿಲ್ಲ. ಬಾಗಿಲಿನ ಕಡೆ ನೋಡಿದರು. ಹೊರಗೆ ಆಕೆ ಯಾರ ಜೊತೆಯೋ ನಗುತ್ತಾ ಮಾತಾಡುತ್ತಿದ್ದಳು.

“ಆಕಿಗೆ ನಾನೇ ಹೇಳ್ತೀನಿ” ಎಂದರು. “ನೀ ಹೇಳಬ್ಯಾಡ.”

ಆಮೇಲೆ ಎಡಪಾದವನ್ನು ಎತ್ತಿ, ತಿರುಗಿಸಿ, ಬಾಗಿಲಿನ ಕಡೆಗೆ ನಡೆಯತೊಡಗಿದರು.